ಶನಿವಾರ ಬಿಚ್ಚುವ ಗಂಟು

ನಮ್ಮ ಅಜ್ಜಿ ಯಾವ ಕಥೆಯನ್ನೂ ಒಂದೇ ಉಸಿರಿಗೆ ಮುಗಿಸಿದವಳಲ್ಲ. ರಾಜಕುಮಾರಿ ಆರು ಕೋಣೆ ದಾಟಿ ಏಳನೆಯ ಕೋಣೆಯ ಚಿಲಕದ ಮೇಲೆ ಕೈಯಿಡುವ ಹೊತ್ತಿಗೆ ಸರಿಯಾಗಿ ಅವಳಿಗೆ ಆಕಳಿಕೆ ಬರುತ್ತಿತ್ತು. ನಮ್ಮ ಹೊದಿಕೆಯ ತುದಿಗೆ ಒಂದು ಗಂಟು ಹಾಕಿ, "ಮಿಕ್ಕಿದ್ದು ಇದರೊಳಗಿದೆ, ನಾಳೆವರೆಗೆ ಯಾರೂ ಬಿಚ್ಚೋ ಹಾಗಿಲ್ಲ" ಎಂದು ದೀಪ ಆರಿಸಿಬಿಡುತ್ತಿದ್ದಳು. ಮೊಮ್ಮಕ್ಕಳೆಲ್ಲ ಆ ಗಂಟನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆವು. ನಾನಂತೂ ಒಮ್ಮೆ ಅದನ್ನು ಕಿವಿಗೆ ಹಿಡಿದು ಕೇಳಿದ್ದೂ ಉಂಟು. ಮಾರನೆಯ ದಿನ ಗಂಟು ಬಿಚ್ಚುವ ಮೊದಲು ಅಜ್ಜಿ ಎಲ್ಲರ ಮುಖ ನೋಡುವಳು. ಒಬ್ಬರು ತೂಕಡಿಸುತ್ತಿದ್ದರೂ ಬಾಯಿ ತೆರೆಯುವವಳಲ್ಲ. ನಾವೇ ಚಿವುಟಿ, ಕಚಗುಳಿಯಿಟ್ಟು ಅವರನ್ನು ಎಬ್ಬಿಸಬೇಕಿತ್ತು.

ಈ ಒಂದು ವಿದ್ಯೆ ಬಿಟ್ಟರೆ ಕೆಲಸಗಾರರ ಮುಂದಾಳಾಗಲು ಬೇಕಾದ ಇನ್ಯಾವ ಗುಣವೂ ನನ್ನಲ್ಲಿರಲಿಲ್ಲ. ಹೊಲಿಗೆ ಶೆಡ್ಡಿನಲ್ಲಿ ನನ್ನನ್ನು ಎಲ್ಲರೂ 'ಕಥೆ' ಎಂದೇ ಕರೆಯುತ್ತಿದ್ದರು. ಸೂಜಿ ಓಡುತ್ತಿದ್ದರೂ ಕಣ್ಣು ಎಲ್ಲೋ ಇರುತ್ತದೆ ಎಂಬುದು ಅವರ ದೂರು. ಹಳೆಯ ಮುಂದಾಳು ಕೆಲಸ ಬಿಟ್ಟು ಮಗಳ ಮನೆಗೆ ಹೋದಾಗ ಆ ಜಾಗಕ್ಕೆ ಯಾರೂ ಮುಂದೆ ಬರಲಿಲ್ಲ. ನನ್ನ ಪಕ್ಕದ ಮೆಷಿನ್ನಿನ ಕಾಲರಕ್ಕ, "ಇವಳಿಗೆ ಮಾತಾದ್ರೂ ಬರುತ್ತೆ, ಇವಳೇ ಇರ್ಲಿ ಬಿಡ್ರೇ" ಎಂದಳು. ಕಾಲರು ಹೊಲಿದು ಹೊಲಿದು ಅವಳ ಹೆಸರೇ ಕಾಲರಕ್ಕ ಆಗಿತ್ತು. ಅವಳು ಒಂದು ಮಾತು ಹೇಳಿದರೆ ಶೆಡ್ಡಿನಲ್ಲಿ ಎದುರಾಡುವವರಿಲ್ಲ. ಹಾಗೆ ಹೊರೆ ನನ್ನ ತಲೆಗೆ ಬಂತು.

ಶೆಡ್ಡು ಉದ್ದನೆಯದು. ಮುಂಬಾಗಿಲಿನ ಹತ್ತಿರ ನಮ್ಮ ಮೆಷಿನ್ನುಗಳ ಸಾಲು. ಕತ್ತರಿಸಿದ ಬಟ್ಟೆ ಬೇರೆ ಕಡೆಯಿಂದ ಕಟ್ಟುಕಟ್ಟಾಗಿ ಬಂದು ಮೊದಲು ನನ್ನ ಕೈಗೆ ಸಿಗುತ್ತದೆ. ನಾನು ಭುಜ ಕೂಡಿಸಿ ಪಕ್ಕಕ್ಕೆ ತಳ್ಳಿದರೆ ಕಾಲರಕ್ಕ ಕಾಲರು ಕೂರಿಸುತ್ತಾಳೆ. ಆಮೇಲೆ ತೋಳಿನವರು, ಗುಂಡಿಯವರು, ಉಳಿದ ದಾರದ ತುದಿಗಳನ್ನೆಲ್ಲ ಕತ್ತರಿಸಿ ಅಂಗಿಯನ್ನು ಚೊಕ್ಕಟ ಮಾಡುವ ಕತ್ತರಿ ಅತ್ತೆ. ಕಟ್ಟಕಡೆಗೆ ಒಂದು ಗೋಡೆಯಾಚೆ ಇಸ್ತ್ರಿ ಕೋಣೆ. ಅಲ್ಲಿ ಐದು ಜನ, ಹಬೆ, ಸೆಕೆ ಮತ್ತು ಬೀಗ ಹಾಕಿದ ಒಂದು ಹಿಂಬಾಗಿಲು. ಎಂದೋ ಬಟ್ಟೆಯ ಥಾನು ಕಳುವಾಯಿತೆಂದು ಹಾಕಿದ ಬೀಗ ಅದು. ಥಾನು ಮರೆತುಹೋಗಿ ಎಷ್ಟೋ ಕಾಲವಾಯಿತು, ಬೀಗ ಮಾತ್ರ ಉಳಿದುಕೊಂಡಿತು.

ಹೋದ ತಿಂಗಳು ಇಸ್ತ್ರಿ ಕೋಣೆಯಲ್ಲಿ ಹಬೆಯ ಪೈಪು ಒಡೆಯಿತು. ಬಿಳಿಯ ಮೋಡದೊಳಗಿಂದ ಐದೂ ಜನ ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು, ನಮ್ಮ ಮೆಷಿನ್ನುಗಳ ನಡುವೆ ತಡವರಿಸುತ್ತ ಮುಂಬಾಗಿಲವರೆಗೆ ಬಂದರು. ಅವರಲ್ಲಿ ಒಬ್ಬಳು ತುಂಬು ಬಸುರಿ, ನಾವೆಲ್ಲ ತಂಗಿ ಎಂದು ಕರೆಯುವವಳು. ಅವಳು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಬಹಳ ಹೊತ್ತು ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದಳು. ಯಾರಿಗೂ ಹೆಚ್ಚೇನೂ ಆಗಲಿಲ್ಲವಾದ್ದರಿಂದ ಮರುದಿನ ಪೈಪು ರಿಪೇರಿಯಾಯಿತು, ಮಾತೂ ಮುಗಿಯಿತು. ನನಗೆ ಮಾತ್ರ ಮುಗಿಯಲಿಲ್ಲ. ಕಣ್ಣು ಮುಚ್ಚಿದರೆ ಆ ಬೀಗ ಬರುತ್ತಿತ್ತು.

ಮ್ಯಾನೇಜರ ಹತ್ತಿರ ಹೋಗಿ ಬೀಗ ತೆಗೆಸಿ ಎಂದೆ.

"ಯಾರಿಗೆ ಬೇಕಂತೆ?"

"ಎಲ್ರಿಗೂ ಸಾರ್."

ಅವರು ಹೊಟ್ಟೆ ಕುಲುಕಿಸಿ ನಕ್ಕರು. "ನಿಮ್ಮ ಸಭೆ ನಾನು ನೋಡಿಲ್ವೇನಮ್ಮ? ಬರೋರು ಬೆರಳೆಣಿಕೆಯಷ್ಟು. ಬಂದವರೂ ಚೀಲ ಹೆಗಲಿಗೆ ಹಾಕ್ಕೊಂಡೇ ನಿಂತಿರ್ತಾರೆ. ಒಂದು ಕೆಲಸ ಮಾಡು. ಶನಿವಾರ ಕೆಲಸ ಬಿಟ್ಟ ಮೇಲೆ ಶೆಡ್ಡಿನವರನ್ನೆಲ್ಲ ಒಂದು ಕಡೆ ಕೂರಿಸು. ಎಲ್ರೂ ನನ್ನ ಮುಂದೆ ಕೇಳಿದ್ರೆ ಬೀಗದ ಕೈ ಅಲ್ಲೇ ಕೊಡ್ತೀನಿ. ಒಬ್ರು ಕಮ್ಮಿ ಆದ್ರೂ ಈ ಮಾತು ಮತ್ತೆ ಎತ್ತಬಾರದು, ಆಯ್ತಾ?"

ಆಯ್ತು ಎಂದುಬಿಟ್ಟೆ. ಹೊರಗೆ ಬಂದ ಮೇಲೆ ಲೆಕ್ಕ ಹಾಕಿದೆ. ಹಿಂಬಾಗಿಲ ವಿಷಯ ಎಂದು ಸಾರಿದರೆ ಮೆಷಿನ್ನಿನವರು ಬರುವುದಿಲ್ಲ. ಅವರ ಬೆನ್ನ ಹಿಂದೆಯೇ ಮುಂಬಾಗಿಲಿದೆ, ಅದು ಇಸ್ತ್ರಿಯವರ ತಲೆನೋವು ಎನ್ನುತ್ತಾರೆ. ಏನೂ ಹೇಳದೆ ಬರೀ ಸಭೆ ಎಂದರೆ ಹಳೆಯ ಕಥೆಯೇ. ಆಗ ಅಜ್ಜಿಯ ಗಂಟು ನೆನಪಾಯಿತು.

ಸೋಮವಾರ ಪ್ರತಿ ಕಟ್ಟಿನ ಮೇಲಿನ ಅಂಗಿಯ ಭುಜದಲ್ಲಿ ಒಂದು ಗೇಣು ಕೆಂಪು ದಾರ ಬಿಟ್ಟು, ತುದಿಗೆ ಗಂಟು ಹಾಕಿ ಪಕ್ಕಕ್ಕೆ ತಳ್ಳಿದೆ. ಕಟ್ಟು ಕೈಯಿಂದ ಕೈಗೆ ಹೋಗಿ ಕೊನೆಯವರೆಗೆ ಮುಟ್ಟುತ್ತದಲ್ಲ, ಡಂಗುರ ಯಾಕೆ?

ಕಾಲರಕ್ಕ ಮೆಷಿನ್ನು ನಿಲ್ಲಿಸಿದಳು. "ಏ ಕಥೆ, ಇದೇನೇ ಬಾಲ?"

"ಗಂಟು."

"ಅದು ಕಾಣ್ತಿದೆ, ನನಗೇನು ಕುರುಡಾ? ಯಾಕೆ ಅಂತ ಕೇಳಿದ್ದು."

"ಶನಿವಾರ ಬಿಚ್ತೀನಿ. ಬಟ್ಟೆ ಇಡೋ ಕೋಣೆಲಿ. ಕೆಲಸ ಬಿಟ್ಟ ಮೇಲೆ."

"ಈಗ್ಲೇ ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?"

ನಾನು ಮುಗುಳ್ನಕ್ಕು ಪೆಡಲು ಒತ್ತಿದೆ. ಅವಳ ಮುಖ ನೋಡಬೇಕಿತ್ತು. ಅಕ್ಕಪಕ್ಕದವರ ಅಡುಗೆಯ ಉಪ್ಪು ಖಾರದವರೆಗೆ ಗೊತ್ತಿರುವವಳಿಗೆ ಗೊತ್ತಿಲ್ಲದ್ದೊಂದು ಪಕ್ಕದಲ್ಲೇ ಹುಟ್ಟಿಬಿಟ್ಟಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಅವಳು ಮೂರು ಸಲ ಕೇಳಿ, ಒಂದು ಸಲ ಬೈದು, ಒಂದು ಸಲ ತನ್ನ ಡಬ್ಬಿಯ ಪಲ್ಯವನ್ನೆಲ್ಲ ನನಗೇ ಬಡಿಸಿ ನೋಡಿದಳು.

ಮಂಗಳವಾರ ದಾರ ಹಳದಿಯಾಯಿತು, ಬುಧವಾರ ನೀಲಿ. ನಾನು ಒಂದಕ್ಷರ ಹೇಳಲಿಲ್ಲ. ಹೇಳದಷ್ಟೂ ಶೆಡ್ಡು ಹೇಳಿಕೊಳ್ಳತೊಡಗಿತು. ಸಂಬಳ ಜಾಸ್ತಿಯಾಗುತ್ತದಂತೆ ಎಂದರು ತೋಳಿನವರು. ಶೆಡ್ಡು ಊರಾಚೆಗೆ ಹೋಗುತ್ತದಂತೆ ಎಂದರು ಗುಂಡಿಯವರು. ಕಾಲರಕ್ಕನ ಪ್ರಕಾರ ನನಗೆ ಮದುವೆ ಗೊತ್ತಾಗಿತ್ತು. ಹುಡುಗ ಮ್ಯಾನೇಜರ ತಮ್ಮನೆಂಬುದೂ ಅವಳಿಗೆ ತಿಳಿದಿತ್ತು. "ಅದಕ್ಕೇ ದಿನಕ್ಕೊಂದು ಬಣ್ಣ ಕಣ್ರೇ, ಸೀರೆ ಆರಿಸ್ತಿದ್ದಾಳೆ." ಗುಂಡಿಯವರು ಬಂದ ಗಂಟಿನ ದಾರಗಳನ್ನು ಕಿತ್ತು ಬಳೆಗೆ ಕಟ್ಟಿಕೊಂಡರು. ಮುಂದಿನವರಿಗೂ ಮುಟ್ಟಬೇಕು, ದಾರ ಅಂಗಿಯಲ್ಲೇ ಉಳಿಯಬೇಕು ಎಂದು ನಾನು ಜಗಳವಾಡಿ ಮತ್ತೆ ಕಟ್ಟಿಸಬೇಕಾಯಿತು.

ನನಗೆ ಒಳಗೊಳಗೇ ಹಿಗ್ಗು, ಅದರ ಬೆನ್ನಿಗೇ ದಿಗಿಲು. ಎಲ್ಲರೂ ಇಷ್ಟೆಲ್ಲ ಕಲ್ಪಿಸಿಕೊಂಡು ಬಂದ ಮೇಲೆ ನಾನು ಗಂಟು ಬಿಚ್ಚಿ ತೋರಿಸುವುದು ಏನು? ಒಂದು ತುಕ್ಕು ಹಿಡಿದ ಬೀಗ. ಗುರುವಾರ ಒಂದು ಅಂಗಿಗೆ ಎಡಭುಜಕ್ಕೆ ಬಲಭುಜವನ್ನೇ ಕೂಡಿಸಿದೆ. ಬಿಚ್ಚಿ ಹೊಲಿದರೆ ಮತ್ತೆ ಹಾಗೆಯೇ ಹೊಲಿದಿದ್ದೆ. ಮನೆಯಲ್ಲಿ ಅಜ್ಜಿ, "ಕಾಲು ಯಾಕೆ ಹಾಗೆ ಅಲ್ಲಾಡಿಸ್ತೀಯಾ, ಮಂಚ ಎಲ್ಲಿಗಾದ್ರೂ ಹೊರಟಿದೆಯಾ?" ಎಂದಳು.

"ಅಜ್ಜೀ, ಏಳನೇ ಕೋಣೆಲಿ ಏನಿತ್ತು? ನಿಜ ಹೇಳು."

"ನಿನಗಿಷ್ಟು ವಯಸ್ಸಾಯ್ತು, ಇನ್ನೂ ಅದೇನಾ?" ಎಂದು ಅಜ್ಜಿ ಮಗ್ಗುಲು ಬದಲಿಸಿದಳು.

ಶುಕ್ರವಾರ ನೀರಿನ ನಲ್ಲಿಯ ಹತ್ತಿರ ಇಸ್ತ್ರಿ ಅಣ್ಣ ಎದುರಾದ. ಆ ಕೋಣೆಯ ಐದು ಜನರಿಗೆ ಅವನೇ ಹಿರಿಯ. ಎತ್ತರದ ಆಳು, ತೋಳೆಲ್ಲ ಹಬೆಯ ಕಲೆ. ದಿನಾ, "ಏನಮ್ಮ ಕಥೆ, ಇವತ್ತು ರಾಜಕುಮಾರಿ ಬದುಕಿದಾಳಾ?" ಎಂದು ಕೇಳುವವನು ಅಂದು ಮುಖ ತಿರುಗಿಸಿ ಬಾಟಲಿ ತುಂಬಿಸಿಕೊಂಡ.

"ಏನಣ್ಣಾ, ನಾಳೆ ಬರ್ತೀರಲ್ಲ?"

"ಎಲ್ಲಿಗೆ?"

"ಸಭೆಗೆ. ಗಂಟು ಬಂದಿರ್ಬೇಕಲ್ಲ ನಿಮಗೆ."

"ಗಂಟು ಬಳೆಗೆ ಕಟ್ಟಿಕೊಂಡವರನ್ನ ನೋಡಿದೀವಿ. ನಮಗೆ ಬರ್ಲಿಲ್ಲ. ಮೊದಲ ದಿನ ಮರ್ತಿರ್ಬೇಕು ಅಂದ್ಕೊಂಡ್ವಿ. ಎರಡನೇ ದಿನವೂ ಇಲ್ಲ, ಮೂರನೇ ದಿನವೂ ಇಲ್ಲ. ಗುಂಡಿಯವರನ್ನ ಕೇಳಿದ್ರೆ, ಗಂಟು ಬಂದವರಿಗೆ ಮಾತ್ರ ಕರೆ ಇರ್ಬೇಕು ಅಂದ್ರು." ಬಾಟಲಿಯ ಮುಚ್ಚಳವನ್ನು ಅವನು ಬೇಕಾದ್ದಕ್ಕಿಂತ ಬಿಗಿಯಾಗಿ ತಿರುಗಿಸಿದ. "ಇರ್ಲಿ ಬಿಡಮ್ಮ. ಗೋಡೆ ಆಚೆಯವರು ನಾವು."

ನಾನು ಅಲ್ಲಿಂದ ಕತ್ತರಿ ಅತ್ತೆಯ ಮೇಜಿಗೆ ಓಡಿದೆ. ಅವಳ ಕಾಲಬುಡದ ಬುಟ್ಟಿಯಲ್ಲಿ ಆ ದಿನದ ಕತ್ತರಿಸಿದ ದಾರಗಳ ರಾಶಿ. ನಡುವೆ ನನ್ನ ಶುಕ್ರವಾರದ ಹಸಿರು ಗಂಟುಗಳು ಒಂದೂ ತಪ್ಪದೆ ಬಿದ್ದಿದ್ದವು.

"ಅತ್ತೇ! ಇವನ್ನೆಲ್ಲ ಕತ್ತರಿಸಿಬಿಟ್ಯಾ?"

"ಯಾವುದನ್ನೇ?" ಅವಳು ಬಗ್ಗಿ ನೋಡಿದಳು. ನೋಡುತ್ತಲೇ ಅವಳ ಕೈ ಇನ್ನೊಂದು ಅಂಗಿಯ ಭುಜಕ್ಕೆ ಹೋಗಿ ಕಚಕ್ ಎಂದಿತು. ಹಸಿರು ಗಂಟೊಂದು ಬುಟ್ಟಿಗೆ ಬಿತ್ತು. ಇಬ್ಬರೂ ಅದನ್ನೇ ನೋಡಿದೆವು.

"ಅಯ್ಯಯ್ಯೋ," ಎಂದಳು. "ಎಲ್ರೂ ಗಂಟು ಗಂಟು ಅಂತಿದ್ರು, ನನಗೆ ಯಾಕೆ ಕಾಣ್ಲಿಲ್ಲ ಅಂತ ನಾನೂ ಯೋಚ್ನೆ ಮಾಡ್ತಿದ್ದೆ. ನನ್ನ ಕೈಗೆ ದಾರ ಅಂದ್ರೆ ದಾರ ಕಣೇ, ಅದು ನನ್ನನ್ನ ಕೇಳಿ ಕತ್ತರಿಸಲ್ಲ. ಹೋದ ವರ್ಷ ಒಂದು ಮದುವೇಲಿ ಫೋಟೋ ತೆಗೆಯೋವಾಗ ಮದುಮಗನ ಕೋಟಿನ ದಾರಕ್ಕೆ ಕತ್ತರಿ ಹಾಕಿದ್ದೆ, ನನ್ನ ಗಂಡನ ಕಡೆಯವರು ಇನ್ನೂ ಆಡ್ಕೊಳ್ತಾರೆ."

ನನಗೆ ನಗು ಬರಲಿಲ್ಲ. ಯಾರಿಗಾಗಿ ಇಷ್ಟೆಲ್ಲ ಹೂಡಿದ್ದೆನೋ ಅವರನ್ನೇ ಬಿಟ್ಟು ಊರನ್ನೆಲ್ಲ ಕರೆದಿದ್ದೆ.

ಇಸ್ತ್ರಿ ಕೋಣೆಯೊಳಗೆ ಹೋದರೆ ಕನ್ನಡಕ ಮಂಜಾಗುವ ಸೆಕೆ. ಹಿಂಬಾಗಿಲ ಬೀಗ ಅಲ್ಲೇ ತೂಗುತ್ತಿತ್ತು. ಬಸುರಿ ತಂಗಿ ಅದಕ್ಕೆ ಬೆನ್ನು ಹಾಕಿ ಅಂಗಿ ಮಡಿಸುತ್ತಿದ್ದಳು. ನಾನು ಇಸ್ತ್ರಿ ಅಣ್ಣನಿಗೆ ದಾರದ ವಿಷಯ ಹೇಳಿದೆ. ಅವನು ತಲೆಯೆತ್ತಲಿಲ್ಲ. ಕೊನೆಗೆ ದನಿ ತಗ್ಗಿಸಿ, ಯಾರಿಗೂ ಹೇಳದ ಮಾತನ್ನೂ ಹೇಳಿದೆ.

"ಸಭೆ ಇರೋದೇ ಈ ಬಾಗಿಲಿಗೋಸ್ಕರ ಅಣ್ಣಾ. ನಿಮಗೋಸ್ಕರಾನೇ. ಎಲ್ರೂ ಇದ್ರೆ ಬೀಗದ ಕೈ ಕೊಡ್ತಾರಂತೆ, ಒಬ್ರು ಕಮ್ಮಿ ಆದ್ರೂ ಇಲ್ವಂತೆ."

ಅವನು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ. "ನಮಗೋಸ್ಕರ ಆದ್ರೆ ಮೊದಲು ನಮಗಲ್ವಾ ಹೇಳ್ಬೇಕಿತ್ತು?"

"ನಾನು ಯಾರಿಗೂ ಹೇಳಿಲ್ಲ ಅಣ್ಣಾ."

"ಅದನ್ನೇ ನಾನೂ ಹೇಳ್ತಿರೋದು." ಹಬೆ ಬುಸ್ಸೆಂದಿತು. "ನಮ್ಮ ಬಾಗಿಲನ್ನ ಗಂಟು ಕಟ್ಟಿ ಎಲ್ರಿಗೂ ಆಟ ಆಡಿಸಿದ್ದೀಯಾ. ನೀವು ಕೇಳಿ, ಕೊಟ್ರೆ ಸಂತೋಷ. ಕರೆಯದೆ ಹೋಗೋ ಜನ ನಾವಲ್ಲ."

"ಈಗ ಕರೀತಿದ್ದೀನಲ್ಲಣ್ಣಾ!"

"ಶುಕ್ರವಾರ ಕರೆದ್ರೆ ಅದು ಕರೆಯೋದಲ್ಲಮ್ಮ, ಜ್ಞಾಪಿಸಿಕೊಳ್ಳೋದು."

ಬಸುರಿ ತಂಗಿ ಒಮ್ಮೆ ನನ್ನ ಕಡೆ ನೋಡಿ, ಮತ್ತೆ ಅಣ್ಣನ ಕಡೆ ನೋಡಿ, ಮಡಿಸಿದ ಅಂಗಿಯನ್ನು ಬಿಚ್ಚಿ ಮತ್ತೆ ಮಡಿಸಿದಳು.

ಶನಿವಾರ ಕೆಲಸ ಬಿಡುವ ಗಂಟೆ ಹೊಡೆಯಿತು. ಇಸ್ತ್ರಿ ಕೋಣೆಗೆ ಅಂಟಿಕೊಂಡಿದ್ದ ಬಟ್ಟೆ ಇಡುವ ಕೋಣೆಗೆ ಹೋಗಿ ನೋಡಿದರೆ ಕಾಲಿಡಲು ಜಾಗವಿಲ್ಲ. ಎಂದೂ ಸಭೆಗೆ ಬಾರದವರು ಥಾನುಗಳ ಮೇಲೆ ಹತ್ತಿ ಕುಳಿತಿದ್ದರು. ಒಬ್ಬರ ಹೆಗಲ ಮೇಲೂ ಚೀಲವಿಲ್ಲ. ಕಾಲರಕ್ಕ ತಲೆ ಬಾಚಿಕೊಂಡು ಬಂದು ಮುಂದಿನ ಸಾಲಿನಲ್ಲಿ ನನ್ನನ್ನೇ ದಿಟ್ಟಿಸುತ್ತಿದ್ದಳು. ಮ್ಯಾನೇಜರು ಬಾಗಿಲಲ್ಲೇ ನಿಂತು, "ಭಲೇ, ಏನು ಮಂತ್ರ ಹಾಕಿದೆಯಮ್ಮ?" ಎಂದರು. ಗೋಡೆಯ ಪಕ್ಕದ ಒಂದು ಬೆಂಚು ಮಾತ್ರ ಖಾಲಿಯಿತ್ತು. ಇಸ್ತ್ರಿಯವರಿಗೆಂದು ನಾನೇ ಬೆಳಿಗ್ಗೆ ಒರೆಸಿಟ್ಟ ಬೆಂಚು.

"ಹೇಳೇ ಕಥೆ!" ಹಿಂದಿನಿಂದ ಯಾರೋ ಕೂಗಿದರು. "ಬಿಚ್ಚೇ ಗಂಟು!"

ನನ್ನ ಕೆಲಸದ ಅಂಗಿಯ ಜೇಬಿನಲ್ಲಿ ಬಣ್ಣಬಣ್ಣದ ದಾರಗಳನ್ನೆಲ್ಲ ಸೇರಿಸಿ ಹಾಕಿದ ದೊಡ್ಡ ಗಂಟಿತ್ತು. ತೆಗೆದು ಎತ್ತಿ ಹಿಡಿದೆ. ಕೋಣೆ ಮೌನವಾಯಿತು. ಇಂಥ ಮೌನಕ್ಕಾಗಿಯೇ ವಾರವೆಲ್ಲ ಒದ್ದಾಡಿದ್ದೆ. ಮೊದಲ ಮಾತು ನಾಲಗೆಯ ತುದಿಗೆ ಬಂತು. ಅಷ್ಟರಲ್ಲಿ ಕಣ್ಣು ಆ ಬೆಂಚಿನ ಮೇಲೆ ಹೋಯಿತು.

"ಎಲ್ರೂ ಬಂದಿಲ್ಲ," ಎಂದೆ. "ಬಂದ ಮೇಲೆ ಬಿಚ್ತೀನಿ."

"ಇಸ್ತ್ರಿಯವರಾ? ಬರಲ್ವಂತೆ ಅವರು. ನೀನು ಶುರು ಹಚ್ಕೋ."

"ಆಗಲ್ಲ."

"ಅಯ್ಯೋ, ಆಮೇಲೆ ಅವರಿಗೆ ನಾವೇ ಹೇಳ್ತೀವಿ ಬಿಡೇ!"

ನಾನು ತಲೆಯಾಡಿಸಿದೆ. ಗೊಣಗಾಟ ಎದ್ದಿತು. ಥಾನಿನ ಮೇಲಿದ್ದವರು ಕಾಲು ಬಡಿದರು. ಮ್ಯಾನೇಜರು ಗಡಿಯಾರ ನೋಡಿ, "ಹಾಗಾದ್ರೆ ನಾನು ಹೊರಡಬಹುದಾ? ಒಬ್ರು ಕಮ್ಮಿ ಆದ್ರೂ ಅಂದಿದ್ದೆ, ಇಲ್ಲಿ ಐವರು ಕಮ್ಮಿ" ಎಂದರು. ನಾನು ಗಂಟನ್ನು ಕೆಳಗಿಳಿಸದೆ ನಿಂತೆ.

ಕಾಲರಕ್ಕ ತಟ್ಟನೆ ಎದ್ದಳು.

"ಸೋಮವಾರದಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಗಂಡ ಕೇಳ್ತಾನೆ, ಮಕ್ಕಳು ಕೇಳ್ತಾವೆ, ಗಂಟಲ್ಲಿ ಏನಿದೆ ಅಂತ. ಈಗ ಅವರು ಬರಲ್ಲ ಅಂತ ನಾನು ಹಾಗೇ ಮನೆಗೆ ಹೋಗ್ಲಾ? ಸಾರ್, ನೀವು ಅಲ್ಲೇ ನಿಂತಿರಿ. ಒಂದು ಹೆಜ್ಜೆ ಆಚೆ ಇಡಬೇಡಿ!"

ಅವಳು ಹೊರಗೆ ನುಗ್ಗಿದಳು. ಅವಳ ಹಿಂದೆ ಕತ್ತರಿ ಅತ್ತೆ, ಅವಳ ಹಿಂದೆ ಗುಂಡಿಯವರಿಬ್ಬರು. ಮ್ಯಾನೇಜರು ನಿಜಕ್ಕೂ ಕದಲಲಿಲ್ಲ. ನಾವೆಲ್ಲ ಗೋಡೆಗೆ ಕಿವಿ ಕೊಟ್ಟು ಕುಳಿತೆವು. ಗೋಡೆಯಾಚೆಯಿಂದ ಮಾತು ಚೂರುಚೂರಾಗಿ ಕೇಳುತ್ತಿತ್ತು.

"...ದೊಡ್ಡ ಮನುಷ್ಯ, ಕೋಪ ಆಮೇಲೆ ಮಾಡ್ಕೊಳ್ಳಪ್ಪ, ಶನಿವಾರ ಮತ್ತೆ ಬರುತ್ತಾ?" ಇದು ಕಾಲರಕ್ಕ.

ಇಸ್ತ್ರಿ ಅಣ್ಣ ಏನೋ ಗುಡುಗಿದ.

"ಗಂಟು ಬಂದವರಿಗೆ ಮಾತ್ರ ಅಂದಿದ್ದು ನಾವು, ಅವಳಲ್ಲ. ಬಾಯಿಗೆ ಬಂದಿದ್ದು ಅಂದ್ಬಿಟ್ವಿ." ಗುಂಡಿಯವರ ದನಿ ತಗ್ಗಿತ್ತು.

ಆಮೇಲೆ ಮೇಜಿನ ಮೇಲೆ ಲೋಹ ಕುಕ್ಕಿದ ಸದ್ದು. ಕತ್ತರಿ ಅತ್ತೆ: "ತಗೋ, ನನ್ನ ಕತ್ತರಿ ನಿನ್ನ ಹತ್ರಾನೇ ಇರ್ಲಿ. ಕತ್ತರಿಸಿದ್ದು ನನ್ನ ಕೈ. ಆ ಹುಡುಗಿ ನೀವು ಬರೋವರೆಗೆ ಬಾಯಿ ಬಿಡಲ್ಲ ಅಂತ ನಿಂತಿದಾಳೆ. ಈಗ ಹೇಳು, ಕರೆ ಯಾರಿಗೆ ಬಂದಿದೆ, ಯಾರಿಗೆ ಬಂದಿಲ್ಲ?"

ನಮ್ಮಲ್ಲಿ ಯಾರೋ ಕೆಮ್ಮಿದರೆ ಉಳಿದವರು ಶ್ ಎಂದರು. ಮತ್ತೆ ಚಪ್ಪಲಿಗಳ ಸಪ್ಪಳ. ಇಸ್ತ್ರಿ ಅಣ್ಣ ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಒಳಗೆ ಬಂದ. ಹಿಂದೆ ಉಳಿದ ನಾಲ್ವರು. ಯಾರ ಕಡೆಯೂ ನೋಡದೆ ಬೆಂಚಿನ ಮೇಲೆ ಕುಳಿತು, "ಹೂಂ" ಎಂದ.

ನಾನು ಗಂಟು ಬಿಚ್ಚಿದೆ. ಬಿಚ್ಚುತ್ತ ಹೇಳಿದೆ, ಬೇರೇನೂ ಸೇರಿಸದೆ: ಹಿಂಬಾಗಿಲ ಬೀಗ ತೆಗೆಯಬೇಕು, ಎಲ್ಲರೂ ಸೇರಿ ಕೇಳಬೇಕು.

ಕಾಲರಕ್ಕನ ಬಾಯಿ ಅರ್ಧ ತೆರೆದೇ ಉಳಿಯಿತು.

"ಇಷ್ಟೇನಾ?"

"ಸಂಬಳ ಅಂದ್ರಲ್ಲೇ..." ಎಂದರು ತೋಳಿನವರು. ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದು ಚಪ್ಪಲಿ ಹುಡುಕತೊಡಗಿದರು. ವಾರವಿಡೀ ಊದಿದ ಬಲೂನು ನನ್ನ ಕಣ್ಣೆದುರೇ ಒಡೆಯುತ್ತಿತ್ತು. ಮ್ಯಾನೇಜರ ಮುಖದಲ್ಲಿ ನಗು ಮತ್ತೆ ಕಾಣಿಸಿಕೊಂಡಿತು.

ಆಗ ಬೆಂಚಿನ ತುದಿಯಿಂದ ಬಸುರಿ ತಂಗಿ, "ಅವತ್ತು ನಾನು ಮೊದಲು ಆ ಬಾಗಿಲಿಗೇ ಓಡಿದ್ದೆ" ಎಂದಳು. ಅವಳು ನಾಲ್ಕು ಜನರ ಮುಂದೆ ಮಾತಾಡಿದ್ದನ್ನು ನಾವು ಯಾರೂ ಕಂಡವರಲ್ಲ. "ಹಬೇಲಿ ಏನೂ ಕಾಣ್ತಿರ್ಲಿಲ್ಲ. ಹತ್ತಿರ ಇದ್ದಿದ್ದು ಅದೇ. ಬೀಗ ಇದೆ ಅಂತ ನೆನಪಾಗ್ಲಿಲ್ಲ ನನಗೆ. ಹಿಡಿದು ಎಳೆದೆ. ಬೀಗ ಕಾದಿತ್ತು."

ಚಪ್ಪಲಿ ಹುಡುಕುತ್ತಿದ್ದವರು ಹಾಗೇ ನಿಂತರು.

"ಆಮೇಲೆ?" ಎಂದಳು ಕಾಲರಕ್ಕ. ಅವಳ ದನಿ ಅವಳದ್ದಾಗಿರಲಿಲ್ಲ.

"ಆಮೇಲೆ ಅಣ್ಣ ಬಂದು ಕೈ ಹಿಡ್ಕೊಂಡ. ನಾನು ಬೀಗ ಬಿಡ್ತಾನೇ ಇರ್ಲಿಲ್ವಂತೆ. ಇಲ್ಲಿಂದ್ಲೇ ಹೋಗ್ಬೇಕು ಅಂತ ಕೂಗ್ತಿದ್ದೆನಂತೆ. ಬೆರಳು ಒಂದೊಂದೇ ಬಿಡಿಸಿದ." ಅವಳು ಅಂಗೈ ತೆರೆದು ನೋಡಿಕೊಂಡಳು, ಅಂದು ಮೆಟ್ಟಿಲ ಮೇಲೆ ನೋಡಿಕೊಂಡ ಹಾಗೆಯೇ. "ಆಮೇಲೆ ನಿಮ್ಮ ಕಡೆ ಬಂದ್ವಿ."

ಇಸ್ತ್ರಿ ಅಣ್ಣ ನೆಲ ನೋಡುತ್ತಿದ್ದ. ನನಗೂ ಇದು ಗೊತ್ತಿರಲಿಲ್ಲ.

"ಆಮೇಲೆ?" ಎಂದು ಮತ್ತೆ ಕೇಳಿದಳು ಕಾಲರಕ್ಕ. ಈ ಸಲ ಅವಳು ಕೇಳಿದ್ದು ಮ್ಯಾನೇಜರನ್ನು. ಕೋಣೆಯ ಮುಖಗಳೆಲ್ಲ ಒಂದೇ ಕಡೆ ತಿರುಗಿದವು. ಯಾರೂ ಕೂಗಲಿಲ್ಲ. ಕಥೆಯ ಮುಂದಿನ ಮಾತಿಗೆ ಕಾಯುವ ಮಕ್ಕಳ ಹಾಗೆ ಸುಮ್ಮನೆ ನೋಡಿದರು.

ಮ್ಯಾನೇಜರು ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ಛಾವಣಿ ನೋಡಿದರು. ಕೊನೆಗೆ ಜೇಬಿಗೆ ಕೈ ಹಾಕಿದರು.

ಎಲ್ಲರೂ ಒಟ್ಟಿಗೆ ಇಸ್ತ್ರಿ ಕೋಣೆಗೆ ನುಗ್ಗಿದೆವು. ಬೀಗದ ಕೈ ಒಳಗೆ ಹೋಯಿತು, ತಿರುಗಲಿಲ್ಲ. ತೋಳಿನವರು ಮೆಷಿನ್ನಿನ ಎಣ್ಣೆ ತಂದರು. ಇಸ್ತ್ರಿ ಅಣ್ಣ ಹನಿಹನಿಯಾಗಿ ಬಿಟ್ಟ, ಅಲ್ಲಾಡಿಸಿದ, ಮತ್ತೆ ಬಿಟ್ಟ. ಹಿಂದಿನವರು ಮುಂದಿನವರನ್ನು, ಏನಾಯ್ತು ಏನಾಯ್ತು ಎಂದು ತಳ್ಳುತ್ತಿದ್ದರು. ಕೊನೆಗೆ ಅದು ಕರಕ್ಕೆಂದು ಬಾಯಿ ಬಿಟ್ಟಿತು. ಅವನು ಪಕ್ಕಕ್ಕೆ ಸರಿದು ಬಸುರಿ ತಂಗಿಗೆ ಜಾಗ ಬಿಟ್ಟ. ಅವಳು ಚಿಲಕದ ಮೇಲೆ ಕೈಯಿಟ್ಟು ಒಂದು ಕ್ಷಣ ನಿಂತಳು. ನನ್ನ ಬೆರಳು ಅರಿವಿಲ್ಲದೆ ಜೇಬಿನಲ್ಲಿದ್ದ ದಾರಗಳನ್ನು ಹುಡುಕಿತು.

ಬಾಗಿಲು ತೆರೆಯಿತು. ಆಚೆ ಒಂದು ಓಣಿ, ಒಡೆದ ಬಕೆಟ್ಟು, ಗೋಡೆಯ ನೆರಳಲ್ಲಿ ಮಲಗಿದ್ದ ಬೆಕ್ಕು. ಬೆಕ್ಕು ತಲೆಯೆತ್ತಿ ಇಷ್ಟು ಜನರನ್ನು ನೋಡಿ, ಬೇಸರದಿಂದ ಮೈಮುರಿದು ನಾಲ್ಕು ಹೆಜ್ಜೆ ಆಚೆ ಹೋಗಿ ಮಲಗಿತು. ತಣ್ಣನೆಯ ಗಾಳಿ ಒಳಗೆ ಬಂತು.

"ಇಷ್ಟೇನಾ?" ಎಂದಳು ಕಾಲರಕ್ಕ. ಈ ಸಲ ನಕ್ಕಳು.

ಕತ್ತರಿ ಅತ್ತೆ ತನ್ನ ಕತ್ತರಿಯನ್ನು ಇಸ್ತ್ರಿ ಅಣ್ಣನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು. ನನ್ನ ಜೇಬಿನಿಂದ ಇಣುಕುತ್ತಿದ್ದ ದಾರದ ಮೇಲೆ ಅವಳ ಕಣ್ಣು ಬಿದ್ದದ್ದು ಕಂಡು ನಾನು ಎರಡು ಹೆಜ್ಜೆ ಹಿಂದೆ ಸರಿದೆ.